ಪ್ರತಿ ತಿಂಗಳೂ ನನಗೊಂದು ದೆವ್ವ ಬರುತ್ತದೆ

ಐವತ್ತೆರಡು ವರ್ಷದ ಹೆಂಗಸು, ಅದೂ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಕೈಯಲ್ಲಿ ದೆವ್ವದ ಕಾಮಿಕ್ಸ್ ಹಿಡಿದು ಕೂತರೆ ಅವಳನ್ನು ಅವಳ ಪಾಡಿಗೆ ಯಾರೂ ಬಿಡುವುದಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ. ನನಗಂತೂ ತಿಂಗಳಿಗೊಂದು ಆಗುತ್ತದೆ, ಯಾಕೆಂದರೆ ಸಂಚಿಕೆ ಬರುವುದೂ ತಿಂಗಳಿಗೊಂದು.

ಈ ಹುಚ್ಚು ಹತ್ತಿಸಿದವಳು ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಹಳೇಬೀಡಿನ ನಮ್ಮ ಸ್ಕೂಲಿನಲ್ಲಿ ನಾನು ಬೆಳಕಿನ ವಕ್ರೀಭವನ ಹೇಳುತ್ತಿದ್ದರೆ ಅವಳು ಪಠ್ಯಪುಸ್ತಕದೊಳಗೆ ಕಾಮಿಕ್ಸ್ ಇಟ್ಟುಕೊಂಡು ಓದುತ್ತಿದ್ದಳು. ಕಿತ್ತುಕೊಂಡೆ. ಸ್ಟಾಫ್ ರೂಮಿನಲ್ಲಿ, ಅದರಲ್ಲಿ ಅಂಥದ್ದೇನಿದೆ ನೋಡೋಣ ಅಂತ ಒಂದು ಪುಟ ತಿರುವಿದೆ. ಮುಂದಿನ ಪೀರಿಯಡ್ಡಿನ ಬೆಲ್ ಹೊಡೆದದ್ದೇ ಕೇಳಿಸಲಿಲ್ಲ. ಮರುದಿನ ಅವಳನ್ನು ಕರೆದು ಚೆನ್ನಾಗಿ ಗದರಿಸಿ, ಪುಸ್ತಕ ವಾಪಸ್ ಕೊಟ್ಟು, ದನಿ ತಗ್ಗಿಸಿ ಕೇಳಿದೆ, "ಮುಂದಿನದು ಯಾವಾಗ ಬರುತ್ತೆ?"

"ಬಂದ ತಕ್ಷಣ ನಿಮ್ಮ ಕ್ಲಾಸಿಗೇ ತಂದು ಸಿಕ್ಕಿಹಾಕ್ಕೊಳ್ತೀನಿ ಮಿಸ್" ಅಂದಳು.

ಬೆಂಗಳೂರಿನ ದೆವ್ವ

ಅವಳು ಪಾಸಾಗಿ ಹೋದಮೇಲೆ ನಾನೇ ಬೆಂಗಳೂರಿನ ಒಂದು ಅಂಗಡಿಯಿಂದ ತರಿಸಿಕೊಳ್ಳಲು ಶುರುಮಾಡಿದೆ. ಅರಸೀಕೆರೆಯ ನಮ್ಮ ಮನೆಯ ವಿಳಾಸಕ್ಕೆ ಕೊರಿಯರ್ ಬರುತ್ತಿತ್ತು. ಒಂದು ಸಲ ಕವರು ಹರಿದು ಮುಖಪುಟ ಹೊರಗೆ ಕಾಣುತ್ತಿತ್ತಂತೆ. ಕೊರಿಯರ್ ಆಫೀಸಿನವರು ಫೋನ್ ಮಾಡಿದಾಗ ನಾನು ಸ್ನಾನಕ್ಕೆ ಹೋಗಿದ್ದೆ. ಫೋನ್ ತೆಗೆದವರು ನಮ್ಮ ಅಮ್ಮ. ಅವರಿಗೆ ಎಂಬತ್ತು. ಕಿವಿ ಚುರುಕು, ಮಾತು ಇನ್ನೂ ಚುರುಕು.

"ಅಮ್ಮಾ, ಮೇಡಮ್ ಹೆಸರಿಗೆ ಒಂದು ದೆವ್ವ ಬಂದೈತೆ" ಅಂದನಂತೆ ಆತ ತಮಾಷೆಗೆ.

"ಯಾರದ್ದಪ್ಪ?"

"ಬೆಂಗಳೂರಿಂದ ಬಂದೈತೆ."

"ಬೆಂಗಳೂರಲ್ಲಿ ನಮ್ಮವರು ಯಾರೂ ಸತ್ತಿಲ್ಲವಲ್ಲ!"

ಆತನಿಗೆ ನಗು ತಡೆಯಲಾಗದೆ, ಬೇಗ ಮಾತು ಮುಗಿಸಲು ಹೇಳಿದನಂತೆ, "ಸೈನ್ ಮಾಡಿ ತಗೊಂಡೋಗಿ ಅಮ್ಮ. ಇಲ್ಲಾಂದ್ರೆ ವಾಪಸ್ ಕಳಿಸ್ತೀವಿ."

ಅಮ್ಮನಿಗೆ ಜೀವಮಾನದಲ್ಲಿ ಇಷ್ಟು ಸಮಾಧಾನದ ಮಾತನ್ನು ಯಾರೂ ಹೇಳಿರಲಿಲ್ಲ. "ವಾಪಸ್ ಕಳಿಸೋದು ನಿಮಗೇ ಬರುತ್ತಾ? ಬರೀ ಸೈನ್ ಮಾಡದೇ ಇದ್ರೆ ಸಾಕಾ? ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ ಕಣಪ್ಪ. ಕಳಿಸಿಬಿಡು, ಪುಣ್ಯ ಬರುತ್ತೆ."

ಆ ತಿಂಗಳ ಸಂಚಿಕೆ ಬೆಂಗಳೂರಿಗೆ ವಾಪಸ್ ಹೋಯಿತು.

ಬಾವಿಯಲ್ಲಿ ನೇತಾಡುವ ಹುಡುಗಿ

ಕಣಕಟ್ಟೆಯಲ್ಲಿ ನನ್ನ ತಂಗಿಯ ಮನೆ. ಒಂದು ಭಾನುವಾರ ಅಲ್ಲಿಗೆ ಹೊರಟವಳು ಬಸ್ಸಿನಲ್ಲಿ ಹೊಸ ಸಂಚಿಕೆ ತೆಗೆದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡ ಒಬ್ಬ ಅಜ್ಜಿ. ಎರಡು ನಿಮಿಷ ಬಗ್ಗಿ ನೋಡಿ ಕೇಳಿದರು, "ಅದ್ಯಾಕವ್ವ ಆ ಹೆಣ್ಮಗ ಹಂಗೆ ಕಿರುಚ್ತಾವ್ಳೆ?"

ಕಿರುಚುವ ಹುಡುಗಿಯ ಚಿತ್ರ ಎದುರಿಗೇ ಇದ್ದಾಗ ಹೇಳದೆ ಇರುವುದು ಹೇಗೆ? ಪಾಳುಬಿದ್ದ ಕೋಟೆಯ ಬಾವಿಗೆ ನೀರಿಗೆ ಹೋಗಿದ್ದಾಳೆ, ಒಳಗಿನಿಂದ ಒಂದು ಕೈ ಬಂದು ಕಾಲ್ಗೆಜ್ಜೆ ಹಿಡಿದಿದೆ ಅಂದೆ.

"ಯಾರ ಕೈ?"

"ಗೊತ್ತಿಲ್ಲ ಅಜ್ಜಿ, ಇನ್ನೂ ಓದ್ತಾ ಇದ್ದೀನಿ."

"ಜೋರಾಗಿ ಓದವ್ವ ಹಂಗಾದ್ರೆ."

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಜೋರಾಗಿ ಹೇಳತೊಡಗಿದೆ. ಮುಂದಿನ ಸೀಟಿನವರು ತಿರುಗಿ ಕೂತರು. ಹಿಂದಿನ ಸೀಟಿನವರು ಎದ್ದು ನಿಂತರು. ಡ್ರೈವರು ಹಾಡು ನಿಲ್ಲಿಸಿದ. ಅಜ್ಜಿಯ ಊರು ಬಂತು. ಕಂಡಕ್ಟರು "ಅಜ್ಜಿ, ಇಳೀರಿ" ಅಂದರೆ, ಅಜ್ಜಿ "ಸುಮ್ನಿರಪ್ಪ, ಅವಳು ಹಗ್ಗ ಹಿಡ್ಕೊಂಡವ್ಳೆ" ಅಂದರು. ಬಸ್ಸು ಹೊರಟಿತು. ಇಳಿಯದೇ ಹೋದದ್ದಕ್ಕೆ ಅಜ್ಜಿಗೆ ಬೇಸರವೇ ಇಲ್ಲ. "ಇದೇ ಬಸ್ಸು ವಾಪಸ್ ಬತ್ತದಲ್ಲ, ಆಗ ಇಳೀತೀನಿ. ನೀ ಓದು."

ಕೊನೆಯ ಪುಟ. ಹುಡುಗಿ ಬಾವಿಯ ನಡುವೆ ನೇತಾಡುತ್ತಿದ್ದಾಳೆ. ಹಗ್ಗದ ಮೂರು ಎಳೆಯಲ್ಲಿ ಎರಡು ಕಿತ್ತುಹೋಗಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, ಮುಂದಿನ ಸಂಚಿಕೆಯಲ್ಲಿ ನೋಡಿ ಎಂದಿತ್ತು.

"ಮುಂದಿಂದು ಯಾವಾಗ ಬತ್ತದೆ?"

"ಬರೋ ತಿಂಗಳು ಅಜ್ಜಿ."

ಅಜ್ಜಿ ಬುಟ್ಟಿ ಬಿಟ್ಟು ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. "ಅಯ್ಯೋ ಶಿವನೇ! ಅಲ್ಲೀಗಂಟ ಆ ಮಗ ಅನ್ನ ನೀರಿಲ್ದೆ ನೇತಾಡ್ಕೊಂಡಿರ್ಬೇಕಾ?"

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು, ನಾನೇ ಅವಳನ್ನು ತಳ್ಳಿದ ಹಾಗೆ. ಕಂಡಕ್ಟರು ಮಾತ್ರ ತಣ್ಣಗೆ ಹೇಳಿದ, "ನೀರಿಗೇನು ತೊಂದ್ರೆ ಇಲ್ಲ ಬಿಡಜ್ಜಿ. ಬಾವಿ ತಾನೆ?"

ಬಾಲ ಬಿಟ್ಟ ಪ್ರಾಣಿ

ಶನಿವಾರ ಅರ್ಧ ದಿನದ ಸ್ಕೂಲು. ಬಸ್ಸಿಗೆ ಹೊತ್ತಿದ್ದರೆ ಹಳೇಬೀಡಿನ ದೇವಸ್ಥಾನದ ಹುಲ್ಲಿನ ಮೇಲೆ ಕೂತು ಓದುತ್ತೇನೆ. ಅಲ್ಲಿನ ಹಿರಿಯ ಗೈಡ್ ಒಬ್ಬರು ನನಗೆ ಪರಿಚಯ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಒಂದು ಫ್ಯಾಂಟಸಿ ಕಾಮಿಕ್ಸಿನ ಹೊಸ ಸಂಚಿಕೆಯಲ್ಲಿ ಸಮುದ್ರದಿಂದ ಏಳುವ ಒಂದು ಪ್ರಾಣಿ ಎರಡು ಪುಟದ ತುಂಬಾ ಇತ್ತು. ಗೈಡು ಬಗ್ಗಿ ನೋಡಿದವರು ಪುಸ್ತಕವನ್ನೇ ಕೈಗೆ ತೆಗೆದುಕೊಂಡರು.

"ಮಿಸ್, ಇದು ನಮ್ಮ ಮಕರ ಅಲ್ವಾ? ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು. ಬನ್ನಿ ಇಲ್ಲಿ."

ನನ್ನನ್ನು ಎಬ್ಬಿಸಿ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಕಲ್ಲಿನ ಸಾಲಿನಲ್ಲಿ ಮಕರಗಳು ಒಂದರ ಹಿಂದೆ ಒಂದು ನಡೆಯುತ್ತಿದ್ದವು. ಗೈಡು ಪುಸ್ತಕವನ್ನು ಕಲ್ಲಿನ ಪಕ್ಕ ಹಿಡಿದು ಒಂದೊಂದೇ ಅಂಗ ತಾಳೆ ನೋಡಿದರು. ಆಮೇಲೆ ಬೇಜಾರಿನಿಂದ ಹೇಳಿದರು, "ನವಿಲಿನ ಬಾಲ ಬಿಟ್ಟಿದ್ದಾನೆ. ತಿಂಗಳಿಗೊಂದು ಕೊಡಬೇಕಲ್ಲ, ಅವಸರ ಮಾಡಿದ್ದಾನೆ."

ಆದರೂ ಅವರಿಗೆ ಪುಸ್ತಕ ಹಿಡಿಸಿತು. ಚೌಕದಿಂದ ಚೌಕಕ್ಕೆ ಕಥೆ ಹೇಗೆ ಹೋಗುತ್ತದೆ, ಮಾತನ್ನು ಎಲ್ಲಿ ಹಾಕುತ್ತಾರೆ, ಕಥೆ ಮುಗಿಯದಿದ್ದರೆ ಏನು ಮಾಡುತ್ತಾರೆ ಅಂತ ಕೇಳಿ ಕೇಳಿ ತಿಳಿದುಕೊಂಡರು. ಅಷ್ಟರಲ್ಲಿ ಪ್ರವಾಸಿಗಳ ಒಂದು ತಂಡ ಬಂತು. ಗೈಡು ಅವರನ್ನು ಗೋಡೆಯ ಶಿಲ್ಪಗಳ ಮುಂದೆ ನಿಲ್ಲಿಸಿದರು. ನಾನು ಹಿಂದೆಯೇ ಕೇಳಿಸಿಕೊಳ್ಳುತ್ತಾ ಹೋದೆ.

"ಇಲ್ಲಿಂದ ಕಥೆ ಶುರು. ಈ ಚೌಕದಲ್ಲಿ ಬಾಣ ಬಿಡ್ತಾನೆ, ಪಕ್ಕದ ಚೌಕದಲ್ಲಿ ತಗುಲುತ್ತೆ. ಮಾತು ಬರೆದಿಲ್ಲ, ನೀವೇ ಆಡಿಕೊಳ್ಳಬೇಕು."

ತಂಡದ ಹೆಂಗಸೊಬ್ಬರು ತಲೆಯೆತ್ತಿ ನೋಡಿ ಕೇಳಿದರು, "ಅಲ್ರೀ, ಇಷ್ಟು ದೊಡ್ಡ ದೇವಸ್ಥಾನಕ್ಕೆ ಮೇಲೆ ಗೋಪುರವೇ ಇಲ್ಲವಲ್ಲ?"

ಈ ಪ್ರಶ್ನೆಗೆ ಅವರು ಯಾವಾಗಲೂ ಹತ್ತು ನಿಮಿಷ ಇತಿಹಾಸ ಹೇಳುವವರು. ಅಂದು ಎರಡೂ ಕೈ ಮುಗಿದು ಒಂದೇ ಮಾತಿನಲ್ಲಿ ಮುಗಿಸಿದರು, "ಮುಂದಿನ ಸಂಚಿಕೆಯಲ್ಲಿ ತಾಯಿ."

ಆರುನೂರು ವರ್ಷದ ಹಲ್ಲು

ಹಲ್ಲು ನೋವೆಂದು ಅರಸೀಕೆರೆಯ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಹೆದರಿಕೆ ಮರೆಯಲು ರಕ್ತ ಹೀರುವ ರಾಜನ ಕಥೆ ಓದುತ್ತಿದ್ದೆ. ನನ್ನ ಸರದಿ ಬಂದಾಗ ಡಾಕ್ಟರು ನನ್ನ ಬಾಯಿ ನೋಡುವ ಮೊದಲು ಮುಖಪುಟದ ರಾಜನ ಬಾಯಿ ನೋಡಿದರು. ದೀಪ ಎಳೆದು ಅದರ ಮೇಲೆ ಬಿಟ್ಟರು.

"ಇವನಿಗೆ ವಯಸ್ಸೆಷ್ಟು ಮೇಡಂ?"

"ಆರುನೂರು ವರ್ಷ ಅಂತೆ ಡಾಕ್ಟ್ರೇ."

"ಆರುನೂರಕ್ಕೆ ಒಂದೂ ಹುಳುಕಿಲ್ಲ! ಸಿಹಿ ಮುಟ್ಟಲ್ಲ ಅಂತಾಯ್ತು. ನಿಮಗೆ ಐವತ್ತೆರಡಕ್ಕೇ ಮೂರು ಹೋಗಿದೆ ನೋಡಿ." ಮತ್ತೆ ಬಗ್ಗಿ ನೋಡಿದರು. "ಆದರೆ ಈ ಕೋರೆಹಲ್ಲು ಇಟ್ಟುಕೊಂಡು ಬಾಯಿ ಮುಚ್ಚೋಕಾಗಲ್ಲ. ಗದ್ದಕ್ಕೆ ಚುಚ್ಚುತ್ತೆ."

ನನ್ನ ಹಿಂದೆ ಸರದಿ ಕಾಯುತ್ತಿದ್ದವರು ಕೊಬ್ಬರಿ ಮಂಡಿಯ ಸಾಹುಕಾರರು, ಕೆನ್ನೆ ಊದಿತ್ತು. ಬಾಗಿಲಿನಿಂದಲೇ ಕತ್ತು ಚಾಚಿ ಕೇಳಿದರು, "ಡಾಕ್ಟ್ರೇ, ಆ ಹಲ್ಲಲ್ಲಿ ಕೊಬ್ಬರಿ ಅಗಿಯೋಕಾಗುತ್ತಾ?"

ಡಾಕ್ಟರು ನಿಜವಾಗಿಯೂ ಯೋಚನೆ ಮಾಡಿದರು. "ಕಚ್ಚಬಹುದು. ಅಗಿಯೋಕಾಗಲ್ಲ."

"ಹಂಗಾದ್ರೆ ಬಿಡಿ, ಅವನು ಅರಸೀಕೆರೇಲಿ ಒಂದು ದಿನ ಬದುಕಲ್ಲ" ಅಂದು ಸಾಹುಕಾರರು ನೆಮ್ಮದಿಯಾಗಿ ಹೋಗಿ ಕೂತರು.

ಎಂಟನೇದರಲ್ಲಿ ಏನಿತ್ತು

ಇದನ್ನು ಮಾತ್ರ ನಾನು ಒಬ್ಬಳಿಗೆ ಬಿಟ್ಟು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮ ಅಣ್ಣನ ಮಗಳು ಲ್ಯಾಬ್ ಟೆಕ್ನಿಷಿಯನ್. ಒಳ್ಳೆಯ ಹುಡುಗಿ, ನಕ್ಕರೆ ಮನೆ ತುಂಬುತ್ತದೆ. ಆದರೆ ಜಾತಕದಲ್ಲಿ ಎಂಟನೇ ಮನೆಯಲ್ಲಿ ಕುಜ. ಮೂರು ಕಡೆಯವರು ಹುಡುಗಿಯನ್ನು ಮೆಚ್ಚಿ, ಜಾತಕ ನೋಡಿದ ಮರುದಿನ ಫೋನ್ ಎತ್ತುವುದನ್ನೇ ಬಿಟ್ಟರು. ಅವಳು ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ಮೂರನೆಯ ಸಲ ಅವಳ ನಗು ಸ್ವಲ್ಪ ಸಣ್ಣದಾಗಿತ್ತು. ಅಣ್ಣ ಅತ್ತಿಗೆ ಕುಗ್ಗಿಹೋಗಿದ್ದರು.

ನಾಲ್ಕನೆಯದು ಬೇಲೂರಿನ ಸಂಬಂಧ. ಹುಡುಗನೂ ಇವಳೂ ಒಂದು ಮದುವೆಯಲ್ಲಿ ಭೇಟಿಯಾಗಿ ಮಾತಾಡಿದ್ದರು, ಇಬ್ಬರಿಗೂ ಒಪ್ಪಿಗೆಯಿತ್ತು. ಆದರೆ ಆ ಮನೆಯಲ್ಲಿ ನಡೆಯುವುದು ಹುಡುಗನ ಅಜ್ಜನ ಮಾತು. ದೇವಸ್ಥಾನದ ಸೇವೆಯಲ್ಲಿದ್ದವರು, ಪಂಚಾಂಗ ಬಲ್ಲವರು. ಫೋನಿನಲ್ಲಿ ಕಳಿಸಿದ ಜಾತಕವನ್ನು ನೋಡುವುದಿಲ್ಲ, ಕಾಗದದಲ್ಲೇ ಬೇಕು ಅಂದರು. ನನಗೆ ಬೇಲೂರಿನಲ್ಲಿ ಒಂದು ತರಬೇತಿ ಇತ್ತು. ಅಣ್ಣ ಜಾತಕದ ಖಾಕಿ ಕವರನ್ನು ನನ್ನ ಕೈಗೆ ಕೊಟ್ಟ. ಅದೇ ಬೆಳಿಗ್ಗೆ ಬಂದಿದ್ದ ಹೊಸ ಸಂಚಿಕೆಯ ಖಾಕಿ ಕವರೂ ಅದೇ ಬ್ಯಾಗಿನಲ್ಲಿತ್ತು. ಇನ್ನು ಹೇಳುವುದೇನಿದೆ?

ಕವರು ಕೊಟ್ಟು, ಕಾಫಿ ಕುಡಿದು, ತರಬೇತಿ ಮುಗಿಸಿ ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ. ಫೋನ್ ಬಂತು. ಅಜ್ಜನೇ.

"ಪೂರ್ತಿ ನೋಡಿದೆ ಕಣಮ್ಮ. ಮನೆಯವರೆಲ್ಲ ಕೂತು ನೋಡಿದ್ವಿ."

"ಏನನ್ನಿಸ್ತು ಅಜ್ಜ?"

"ಎಂಟನೇದರಲ್ಲೇ ನೋಡಮ್ಮ ತೊಂದರೆ ಇರೋದು."

ಮುಗಿಯಿತು ಅಂದುಕೊಂಡೆ. ಆದರೂ ಬಿಡಲಿಲ್ಲ. "ಗೊತ್ತು ಅಜ್ಜ. ಆದ್ರೆ ಅದಕ್ಕೆ ಶಾಂತಿ ಮಾಡಿಸಿದ್ರೆ ಗಂಡನಿಗೆ ಏನೂ ಆಗಲ್ಲ ಅಂತಾರೆ."

"ಏನೂ ಆಗಲ್ಲ ಅಂದ್ರೆ ಹೇಗಮ್ಮ? ನುಂಗೇಬಿಟ್ಟಿದ್ದಾಳಲ್ಲ!"

"ಯಾರು?"

"ಮದುಮಗಳು. ಎಂಟನೇ ಪುಟದಲ್ಲಿ. ಧಾರೆ ಸೀರೆ ಥರದ್ದೇನೋ ಉಟ್ಟುಕೊಂಡೇ ನುಂಗ್ತಾಳೆ. ಹನ್ನೆರಡನೇ ಪುಟದಲ್ಲಿ ಮಾವನ್ನೂ ನುಂಗ್ತಾಳೆ. ಇಂಗ್ಲಿಷ್ ನಮ್ಮ ಹುಡುಗ ಓದಿ ಹೇಳಿದ."

ನಾನು ಓಡಿಹೋಗಿ ಬ್ಯಾಗು ತೆಗೆದೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಜಾತಕ ಅಲ್ಲೇ ತಣ್ಣಗೆ ಕೂತಿತ್ತು. ಬಾಯಿಗೆ ಬಂದ ಹಾಗೆ ಕ್ಷಮೆ ಕೇಳಿದೆ, ನಾಳೆಯೇ ಸರಿಯಾದದ್ದು ತರುತ್ತೇನೆ ಅಂದೆ.

"ತಾ ಅಮ್ಮ, ತಾ. ಅದಿರಲಿ," ಅಜ್ಜನ ದನಿ ತಗ್ಗಿತು, "ಆ ಮನೇಲಿ ಕೊನೆಗೆ ಅಜ್ಜ ಒಬ್ಬನೇ ಉಳ್ಕೊಂಡಿದ್ದಾನೆ. ಅವನು ಬದುಕ್ತಾನಾ?"

ಅಣ್ಣನ ಮಗಳೊಬ್ಬಳಿಗೆ ವಿಷಯ ಹೇಳಿದೆ. ಬಿದ್ದೂ ಬಿದ್ದೂ ನಕ್ಕಳು. "ಪರವಾಗಿಲ್ಲ ಅತ್ತೆ, ನನ್ನ ಜಾತಕಕ್ಕಿಂತ ಅದೇ ವಾಸಿ" ಅಂದಳು. ನನಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಮೂರು ಸಂಬಂಧ ಕುಜ ಕೆಡಿಸಿದ್ದ, ನಾಲ್ಕನೆಯದನ್ನು ನಾನು.

ಆ ಮದುವೆ ನಡೆಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ಈಗ ಚೆನ್ನಾಗಿದ್ದಾರೆ. ಎಲ್ಲರೂ ಬಿಟ್ಟ ಜಾತಕವನ್ನು ಅಷ್ಟು ಕಟ್ಟುನಿಟ್ಟಿನ ಮನುಷ್ಯ ಹೇಗೆ ಒಪ್ಪಿದರು ಅಂತ ಅಣ್ಣ ಇವತ್ತಿಗೂ ಕೇಳುತ್ತಾನೆ. ಮರುದಿನ ಬೇಲೂರಿನಲ್ಲಿ ನಡೆದದ್ದು ಇಷ್ಟೇ.

ನಾನು ತಲೆ ತಗ್ಗಿಸಿ ಜಾತಕ ಮುಂದಿಟ್ಟೆ. ಅಜ್ಜ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಮನೆ ಎಣಿಸಿದರು. ಎಂಟರ ಮೇಲೆ ಬೆರಳು ನಿಂತಿತು. ಅಜ್ಜ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಕವರಿನೊಳಗೂ ಒಮ್ಮೆ ಇಣುಕಿ ನೋಡಿದರು.

"ಇಷ್ಟೇನಾ?" ಅಂದರು.

"ಇಷ್ಟೇ ಅಜ್ಜ. ಎಂಟರಲ್ಲಿ ಕುಜ."

ಅಜ್ಜ ಕನ್ನಡಕ ತೆಗೆದು, ಒಳಗೆ ತಿರುಗಿ ಸೊಸೆಗೆ ಕೂಗಿ ಹೇಳಿದರು, "ಬರೀ ಕುಜ ಕಣಮ್ಮ! ಯಾರನ್ನೂ ನುಂಗಿಲ್ಲ. ಪಾಯಸ ಮಾಡು."