ಅಜ್ಜನ ಲ್ಯಾಪ್‌ಟಾಪು ಬಿಚ್ಚಿದ ಮೂರು ದಿನ

ನಮ್ಮ ಮನೆಯಲ್ಲಿ ಏನು ಕೆಟ್ಟರೂ ಮೊದಲು ನನ್ನನ್ನು ಬೈಯುತ್ತಾರೆ, ಆಮೇಲೆ ನನ್ನನ್ನೇ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ ಗಣಿತ ನನ್ನನ್ನು ಎರಡು ಸಲ ವಾಪಸ್ ಕಳಿಸಿದ ಮೇಲೆ ಚಿಕ್ಕಮಗಳೂರಿಗೆ ಹೋಗಿ ಸಣ್ಣ ಸ್ಕ್ರೂಡ್ರೈವರುಗಳ ಒಂದು ಡಬ್ಬಿ ತಂದುಕೊಂಡೆ. ಅವತ್ತಿಂದ ಮಿಕ್ಸಿ, ಟಾರ್ಚು, ಗೋಡೆ ಗಡಿಯಾರ ಎಲ್ಲದರ ಹೊಟ್ಟೆಯೂ ನೋಡಿಯಾಯ್ತು. ಬಿಚ್ಚಿದ್ದರಲ್ಲಿ ಅರ್ಧ ಮತ್ತೆ ಮುಚ್ಚಿಕೊಂಡಿವೆ. ಉಳಿದರ್ಧ ಅಟ್ಟದ ಮೇಲಿವೆ.

೧. ಗಡುವು

ನಮ್ಮ ಅಜ್ಜನಿಗೆ ಕಳಸದಲ್ಲಿ ಒಬ್ಬ ಹಳೇ ದೋಸ್ತಿ. ಹೈಸ್ಕೂಲಿನಿಂದಲೂ ಇಬ್ಬರೂ ಚೆಸ್ ಆಡುತ್ತಾರೆ, ಹೈಸ್ಕೂಲಿನಿಂದಲೂ ನಮ್ಮಜ್ಜ ಸೋಲುತ್ತಾರೆ. ಈಗ ಆಟ ಲ್ಯಾಪ್‌ಟಾಪಲ್ಲಿ. ಒಂದು ನಡೆಗೆ ಮೂರು ದಿನ ಟೈಮು, ಅಷ್ಟರೊಳಗೆ ಕಾಯಿ ನಡೆಸದಿದ್ದರೆ ಆಟ ಎಷ್ಟೇ ಚೆನ್ನಾಗಿದ್ದರೂ ಸೋತ ಹಾಗೆ.

ಅವತ್ತು ಅಜ್ಜ ಕಂಬಳಿ ಹೊದ್ದು, ಲ್ಯಾಪ್‌ಟಾಪನ್ನು ಆ ಕಂಬಳಿ ಮೇಲೇ ಇಟ್ಟುಕೊಂಡು ಕೂತಿದ್ದರು. ಇನ್ನು ನಾಲ್ಕೇ ನಡೆ, ಕಳಸದವನ ರಾಜ ಹೋದ ಅನ್ನುತ್ತಿದ್ದರು, ಚೆಸ್ ಹಾಸು ತೆರೆದುಕೊಳ್ಳುವ ಮೊದಲೇ ಅದು ಕಾದ ಹಂಚಿನಂತಾಗಿ ಆರಿಹೋಯಿತು. ಮತ್ತೆ ಹೊತ್ತಿಸಿದರೆ ಎರಡು ನಿಮಿಷ, ಮತ್ತೆ ಕತ್ತಲೆ. ಗಾಬರಿಯಲ್ಲಿ ಅಜ್ಜ ಕೈಯಲ್ಲಿದ್ದ ಬೆಲ್ಲದ ಕಾಫಿಯನ್ನೂ ಅದಕ್ಕೇ ಕುಡಿಸಿದರು. ಫೋನಲ್ಲಿ ಆಡಿ ಅಜ್ಜ ಅಂದೆ. ಪಾಸ್‌ವರ್ಡು ಲ್ಯಾಪ್‌ಟಾಪಿಗೆ ಗೊತ್ತಂತೆ, ಅಜ್ಜನಿಗೆ ಗೊತ್ತಿಲ್ಲವಂತೆ. ಗಡುವು ನಾಳಿದ್ದು ಸಂಜೆ ಆರು ಗಂಟೆ.

ಮೂಡಿಗೆರೆಯ ರಿಪೇರಿಯವನಿಗೆ ಫೋನ್ ಮಾಡಿದರೆ ಒಂದು ವಾರ ಬೇಕು ಅಂದ. ಅಜ್ಜ ನನ್ನನ್ನು ತುಂಬ ಹೊತ್ತು ನೋಡಿದರು. ಅಟ್ಟವನ್ನೂ ಒಂದು ಸಲ ನೋಡಿದರು.

"ಬೇರೆ ಗತಿಯಿಲ್ಲ ಮಾರಾಯ," ಅಂದರು.

ನನ್ನ ಜೀವನದಲ್ಲಿ ಸಿಕ್ಕ ಅತಿ ದೊಡ್ಡ ಮರ್ಯಾದೆ ಅದೇ.

೨. ಬಾಣಂತನ

ಜಗಲಿಯ ಮೇಲೆ ಹಳೇ ಪಂಚೆ ಹಾಸಿ, ಹನ್ನೊಂದು ಸ್ಕ್ರೂ ತೆಗೆದು ತಳ ಎಬ್ಬಿಸಿದೆ. ಒಳಗೆ ನಮ್ಮ ನಾಯಿಯ ಕೂದಲು ಇನ್ನೊಂದು ಸಣ್ಣ ನಾಯಿಗೆ ಆಗುವಷ್ಟಿತ್ತು. ಗಾಳಿ ಹೋಗುವ ಕಿಂಡಿಯಲ್ಲಿ ಕುಂಬಾರ ಹುಳ ಮಣ್ಣು ತಂದು ಚೆಂದಾಗಿ ಗೂಡು ಮೆತ್ತಿತ್ತು. ಫ್ಯಾನು ತಿರುಗುವುದು ಹೇಗೆ.

ಅಜ್ಜಿಗೆ ಮಾತ್ರ ಖುಷಿಯೋ ಖುಷಿ. ಕುಂಬಾರ ಹುಳ ಗೂಡು ಕಟ್ಟಿದರೆ ಮನೆಯಲ್ಲಿ ಮಗು ಹುಟ್ಟುತ್ತದಂತೆ. ಹಾಗಂತ ಚಿಕ್ಕಮ್ಮನ ಕಡೆ ನೋಡಿದರು. ಚಿಕ್ಕಮ್ಮನ ದೊಡ್ಡ ಮಗನಿಗೆ ಆಗಲೇ ಮೀಸೆ ಬಂದಿದೆ.

"ಗೂಡು ಕಟ್ಟಿದ್ದು ಲ್ಯಾಪ್‌ಟಾಪಲ್ಲಿ ಅತ್ತೆ," ಅಂದರು ಚಿಕ್ಕಮ್ಮ. "ಅದೇ ಹೆರಲಿ. ಬಾಣಂತನ ಬೇಕಾದ್ರೆ ನಾನು ಮಾಡ್ತೀನಿ."

೩. ಸಾಹುಕಾರ ಯಾರು

ಒಳಗಿನ ಭಾಗಗಳನ್ನು ಒಂದೊಂದಾಗಿ ತೆಗೆದು ಪಂಚೆಯ ಮೇಲೆ ಜೋಡಿಸಿದೆ. ಅಜ್ಜ ಕುರ್ಚಿ ಎಳೆದುಕೊಂಡರು, ತೋಟದ ಆಳುಗಳ ಲೆಕ್ಕ ಕೊಡಲು ಬಂದಿದ್ದ ಮೇಸ್ತ್ರಿಯೂ ನಿಂತುಕೊಂಡ. ಯಾವುದು ಏನು ಅಂತ ಹೇಳು ಅಂದರು. ನಾನು ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಿದೆ. ಈ ಹಾರ್ಡ್ ಡಿಸ್ಕ್ ಅನ್ನೋದು ಗೋಡೌನು, ತಂದಿದ್ದೆಲ್ಲ ಇಲ್ಲೇ ಪೇರಿಸಿಡೋದು. ಈ ರ್‍ಯಾಮ್ ಕಾಫಿ ಕಣ, ಇವತ್ತಿನ ಕೆಲಸಕ್ಕೆ ಬೇಕಾದ್ದು ಮಾತ್ರ ಇಲ್ಲಿ ಹರಡೋದು, ಸಂಜೆಗೆ ಖಾಲಿ. ಈ ಪ್ರೊಸೆಸರು ನಮ್ಮ ತೋಟದ ಲೆಕ್ಕ ಬರೆಯೋ ರೈಟರ ಥರ, ಎಲ್ಲ ಲೆಕ್ಕ ಇವನ ತಲೆಯಲ್ಲೇ, ಅದಕ್ಕೇ ಬಿಸಿ.

ಮೇಸ್ತ್ರಿ ಎಲ್ಲ ಕೇಳಿ, ಮೂಲೆಯಲ್ಲಿದ್ದ ನಾಲ್ಕಾಣೆಯಷ್ಟಗಲದ ಒಂದು ಬಿಲ್ಲೆ ತೋರಿಸಿದ. ಅದು ಸಣ್ಣ ಬ್ಯಾಟರಿ, ಬೇರೆಯವರೆಲ್ಲ ಕೆಲಸ ಮಾಡುವಾಗ ಅದು ಏನೂ ಹೊರುವುದಿಲ್ಲ, ಒಂದು ಕಡೆ ಕೂತು ಟೈಮು ಮಾತ್ರ ನೋಡಿಕೊಳ್ಳುತ್ತದೆ ಅಂದೆ.

ಮೇಸ್ತ್ರಿ ಅಜ್ಜನ ಕುರ್ಚಿಯನ್ನೊಮ್ಮೆ ನೋಡಿ ತಲೆಯಾಡಿಸಿದ. "ಹಂಗಾರೆ ಇದೇ ಸಾಹುಕಾರ."

೪. ಅಡುಗೆಮನೆಯ ಕ್ಯಾಮೆರಾ

ಮೇಲಿನ ಅರ್ಧ, ಅಂದರೆ ಸ್ಕ್ರೀನು, ಜಗಲಿಯಲ್ಲಿದ್ದರೆ ನಾಯಿ ತುಳಿಯುತ್ತದೆ ಅಂತ ಅಡುಗೆಮನೆ ಕಪಾಟಿನ ಮೇಲಿಟ್ಟೆ. ಅಜ್ಜಿ ಬೆಳಗಿನಿಂದ ನನ್ನನ್ನೂ ಅಜ್ಜನನ್ನೂ ಒಂದೇ ಉಸಿರಲ್ಲಿ ಬೈಯುತ್ತಿದ್ದರು. ನಾನು ಮೆಲ್ಲಗೆ ಹೇಳಿದೆ, ಅದರ ನೆತ್ತಿಯಲ್ಲಿ ಚುಕ್ಕಿ ಥರ ಇರುವುದು ಕ್ಯಾಮೆರಾ, ಕರೆಂಟಿಲ್ಲದಿದ್ದರೂ ಕಳಸದಜ್ಜನ ಮನೆಯಲ್ಲಿ ಎಲ್ಲ ಕಾಣುತ್ತದೆ, ಕೇಳುತ್ತದೆ ಅಂತ.

ಅಜ್ಜಿ ಸೆರಗು ಸರಿ ಮಾಡಿಕೊಂಡರು. ಅವತ್ತು ಮಧ್ಯಾಹ್ನ ನಮಗೆ ಕಡುಬಿನ ಮೇಲೆ ಕಡುಬು, ತುಪ್ಪದ ಮೇಲೆ ತುಪ್ಪ. ಅಜ್ಜನಿಗೆ "ಇನ್ನೊಂದು ಹಾಕ್ಲಾ" ಅಂತ ಕೇಳುವ ದನಿಯೇ ಬೇರೆ.

ಕೈ ತೊಳೆಯುವಾಗ ಅಜ್ಜ ಹಿಂದೆ ಬಂದು ಪಿಸುಗುಟ್ಟಿದರು. ಆಟ ಹಾಳಾಗಿ ಹೋದರೂ ಪರವಾಗಿಲ್ಲ, ಆ ಅರ್ಧ ಅಲ್ಲೇ ಇರಲಿ ಅಂತ.

೫. ಕಣದಲ್ಲಿ ಕೀಲಿಗಳು

ಬೆಲ್ಲದ ಕಾಫಿ ಕುಡಿದ ಕೀಬೋರ್ಡು ಅಂಟಂಟಾಗಿತ್ತು. ಎರಡನೇ ದಿನ ಅದರ ಗುಂಡಿಗಳನ್ನೆಲ್ಲ ಒಂದೊಂದಾಗಿ ಕಿತ್ತು, ಸೋಪಿನ ನೀರಲ್ಲಿ ತೊಳೆದು, ಮೊರದಲ್ಲಿ ಹರಡಿ ಕಣದ ಅಂಚಿನಲ್ಲಿ ಬಿಸಿಲಿಗಿಟ್ಟೆ. ಕಣದ ತುಂಬ ಚೆರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗುತ್ತಿತ್ತು. ಒಣಗಿದ ಚೆರಿಯೂ ಕಪ್ಪು, ನನ್ನ ಗುಂಡಿಗಳೂ ಕಪ್ಪು.

ಹೊಟ್ಟೆಗೆ ಏನಾದರೂ ಹಾಕಿಕೊಂಡು ಬರುವಷ್ಟರಲ್ಲಿ, ಕಾಫಿ ಕೆದಕುವ ಕೆಲಸದ ಅಕ್ಕ, ಯಾರೋ ಮೊರದಲ್ಲಿ ಬಿಟ್ಟುಹೋದ ಕಾಫಿ ಅಂದುಕೊಂಡು ಅದನ್ನು ಕಣಕ್ಕೆ ಸುರಿದಿದ್ದರು. ಸುರಿದಿದ್ದಷ್ಟೇ ಅಲ್ಲ, ಹಲಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಎರಡು ಸುತ್ತು ಎಳೆದೂ ಆಗಿತ್ತು.

ನಾನು ಕಣದ ಅಂಚಿನಲ್ಲೇ ಕೂತು ಒಂದೊಂದೇ ಕಾಯಿ ತಿರುಗಿಸಿ ನೋಡತೊಡಗಿದೆ. ಗಡುವಿಗೆ ಇನ್ನೊಂದೇ ದಿನ. ಅಜ್ಜನ ಮುಖ ನೆನೆಸಿಕೊಂಡರೆ ಅಳು ಬರುತ್ತಿತ್ತು.

ಅಕ್ಕ ನಿಧಾನವಾಗಿ ಎಲೆಯಡಿಕೆ ಉಗಿದು ಬಂದರು. "ಅದಕ್ಕೆ ಯಾಕೆ ಅಷ್ಟು ಹೆದರ್ತೀರಿ ಸಣ್ಣಯ್ಯ. ನಾವು ಹುಟ್ಟಿದಾಗಿಂದ ಮಾಡ್ತಿರೋದು ಆರಿಸೋ ಕೆಲ್ಸಾನೇ ಅಲ್ವಾ."

ಐದು ಜನ ಹೆಂಗಸರು ಸಾಲಾಗಿ ಕೂತರು. ಊರಿನ ಸುದ್ದಿ ಒಂದು ಸುತ್ತು ಮುಗಿಯುವುದರೊಳಗೆ ಗುಂಡಿಗಳೆಲ್ಲ ಮೊರಕ್ಕೆ ಬಂದಿದ್ದವು, ಅದೂ ದಪ್ಪ, ಮಧ್ಯಮ, ಸಣ್ಣ ಅಂತ ಮೂರು ಗುಡ್ಡೆಯಾಗಿ. ನಾನು ಎಣಿಸಿದೆ. ನಾನು ಕಿತ್ತಿದ್ದು ಎಂಬತ್ತಾರು, ಅವರು ಆರಿಸಿದ್ದು ಎಂಬತ್ತೇಳು.

ಹೆಚ್ಚಿಗೆ ಸಿಕ್ಕಿದ್ದು ಟಿವಿ ರಿಮೋಟಿನ ಗುಂಡಿ. ಹೋದ ವರ್ಷ ಇದೇ ಕಣದಲ್ಲಿ ಕೂತು ರಿಮೋಟು ಬಿಚ್ಚಿದ್ದು ನಾನಲ್ಲ ಅಂತ ದೇವರ ಮುಂದೆ ಆಣೆ ಮಾಡಿದ್ದೆ.

೬. ಆರು ಗಂಟೆ

ಮೂರನೇ ದಿನ ಸಂಜೆ ಐದೂವರೆಗೆ ಎಲ್ಲ ಮುಚ್ಚಿದೆ. ಎರಡು ಸ್ಕ್ರೂ ಉಳಿದವು. ಅಜ್ಜ ನೋಡಿಯೂ ನೋಡದವರಂತೆ ಅವನ್ನು ಜೇಬಿಗೆ ಹಾಕಿಕೊಂಡರು. ಗುಂಡಿ ಒತ್ತಿದೆ. ಮನೆಮಂದಿಯೆಲ್ಲ ಉಸಿರು ಹಿಡಿದು ನಿಂತರು. ಫ್ಯಾನು ಗುಂಯ್ ಅಂತು, ಸ್ಕ್ರೀನು ಬೆಳಗಿತು, ಎರಡು ನಿಮಿಷ ಆಯ್ತು, ಹತ್ತು ನಿಮಿಷ ಆಯ್ತು, ಆರಲಿಲ್ಲ. ಅಜ್ಜ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಚೆಸ್ ಹಾಸು ತೆರೆದುಕೊಂಡಿತು. ಅಜ್ಜ ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. ಮೂರು ದಿನ ತಲೆಯೊಳಗೇ ಆಡಿದ ಆಟದಲ್ಲಿ ಅವರು ಒಂದು ಆನೆಯನ್ನು ಹೆಚ್ಚಿಗೆ ಇಟ್ಟುಕೊಂಡುಬಿಟ್ಟಿದ್ದರು. ಆ ಆನೆಯನ್ನು ಕಳಸದಜ್ಜ ಹೋದ ವಾರವೇ ಹೊಡೆದಾಗಿತ್ತು. ನಾಲ್ಕು ನಡೆಯಲ್ಲಿ ರಾಜ ಹೋಗುವುದು ನಿಜವೇ, ಆದರೆ ನಮ್ಮ ರಾಜ.

ಆರಕ್ಕೆ ಐದು ನಿಮಿಷ ಇರುವಾಗ ಅಜ್ಜ ಒಂದು ಕಾಲಾಳನ್ನು ಒಂದು ಮನೆ ಮುಂದಕ್ಕೆ ನೂಕಿದರು. ನನಗೆ ಆ ಸ್ಕ್ರೂಡ್ರೈವರಿನ ಡಬ್ಬಿಯನ್ನೇ ಎಸೆದುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಫೋನು. ಕಳಸದಜ್ಜ. ಅವರ ದನಿಗೆ ಸ್ಪೀಕರು ಬೇಕಾಗುವುದಿಲ್ಲ. ಬದುಕಿದ್ದೀಯೇನೋ, ಮೂರು ದಿನ ಎಲ್ಲಿ ಹೋಗಿದ್ದೆ ಅಂದರು. ಅಜ್ಜ ನಡೆದಿದ್ದೆಲ್ಲ ಹೇಳಿದರು, ಮೊಮ್ಮಗ ಒಬ್ಬನೇ ರಿಪೇರಿ ಮಾಡಿದ ಅಂತ ಎರಡು ಸಲ ಹೇಳಿದರು. ಆ ಕಡೆಯವರು ನಿಟ್ಟುಸಿರು ಬಿಟ್ಟು, ತಮ್ಮದೂ ಅದೇ ಥರ ಬಿಸಿಯಾಗಿ ಗೊರಗೊರ ಅನ್ನುತ್ತಿದೆ, ಹುಡುಗನನ್ನು ನಾಳೆಯೇ ಕಳಿಸಿಕೊಡು, ಅದನ್ನ ನೋಡಿ ಆದಮೇಲೆ ನಿಧಾನಕ್ಕೆ ನನ್ನ ಕಾಯಿ ನಡೆಸುತ್ತೇನೆ ಅಂದರು.

ಅಜ್ಜನ ಮುಖ ನಿಧಾನವಾಗಿ ಅರಳಿತು. "ಖಂಡಿತ ಕಳಿಸ್ತೀನಿ ಮಾರಾಯ," ಅಂದರು. ಅಷ್ಟು ಪ್ರೀತಿಯಿಂದ ಅವರು ಆ ದೋಸ್ತಿಯ ಹತ್ತಿರ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ಬೆಳಿಗ್ಗೆ ಕಳಸದ ಬಸ್ಸು ಹತ್ತಿಸಲು ಅಜ್ಜ ತಾವೇ ಬಂದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಆಚೀಚೆ ನೋಡಿ, ಕಿವಿಯ ಹತ್ತಿರ ಬಗ್ಗಿದರು.

"ಒಂದು ಸ್ಕ್ರೂನೂ ಬಿಡಬೇಡ, ಪೂರ್ತಿ ಬಿಚ್ಚು. ಮುಚ್ಚೋದು ನಾಲ್ಕನೇ ದಿನ ನೋಡ್ಕೊಂಡ್ರಾಯ್ತು."