ಸ್ವಿಚ್ಚೋ ರೂಟರೋ: ಮೂರು ಊರಿನ ಪಂಚಾಯ್ತಿಕೆ

ನೆಟ್‌ವರ್ಕ್ ಜೋಡಿಸುವವನಿಗೆ ಯಂತ್ರಗಳು ಕೊಡುವ ಕಾಟ ಕಡಿಮೆ, ಅದರ ಮುಂದೆ ಕೂತ ಮನುಷ್ಯರದ್ದೇ ಜಾಸ್ತಿ. ಅಡಿಕೆ ಸೊಸೈಟಿಯೊಂದರ ಮೂರು ಕಚೇರಿಗಳನ್ನು ಬೆಸೆಯುವ ಗುತ್ತಿಗೆ ನನಗೆ ಸಿಕ್ಕಿತ್ತು. ಆಯುಧ ಪೂಜೆ ದಿನ ಅಧ್ಯಕ್ಷರು ವಿಡಿಯೊದಲ್ಲಿ ಮೂರೂ ಕಡೆ ಮಾತಾಡಬೇಕು, ತಪ್ಪಿದರೆ ಗುತ್ತಿಗೆ ರದ್ದು.

ಸಾಗರ

ಕಾರ್ಯದರ್ಶಿಗಳು, ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚಿನ ಡಬ್ಬದ ಮೇಲಿದ್ದದ್ದನ್ನು ಓದಿ ಕೂತಿದ್ದರು.

"ಈ ಸ್ವಿಚ್ಚಿಗೂ ರೂಟಿಂಗ್ ಬರ್ತದಂತಲ್ಲ, ಮತ್ತೆ ರೂಟರ್ ಎಂತಕ್ಕೆ?"

"ಬರ್ತದೆ ಸಾರ್. ಕಟ್ಟಡದೊಳಗೆ ಒಂದು ವಿಭಾಗದಿಂದ ಇನ್ನೊಂದಕ್ಕೆ ದಾರಿ ತೋರಿಸೋದ್ರಲ್ಲಿ ರೂಟರಿಗಿಂತ ಚುರುಕು. ಆದ್ರೆ ಇಂಟರ್ನೆಟ್ ಮೇಲೆ ಗುಟ್ಟಾಗಿ ಹೊಸನಗರಕ್ಕೆ ಹೋಗ್ಬೇಕು, ಒಂದು ಲೈನ್ ಸತ್ರೆ ಇನ್ನೊಂದಕ್ಕೆ ತಿರುಗ್ಬೇಕು ಅಂದ್ರೆ ರೂಟರೇ ಆಗ್ಬೇಕು."

ಅವರು ಯೋಚಿಸಿ ಹೇಳಿದರು: "ಹಾಗಾದ್ರೆ ಹೊಸನಗರದವ್ರೇ ಇಟ್ಕೊಳ್ಲಿ. ನಾವು ಎಲ್ಲಿಗೂ ಹೋಗೋರಲ್ಲ."

ಹೊಸನಗರ

ಇಲ್ಲಿನ ಮ್ಯಾನೇಜರ್ ಸ್ವಿಚ್ಚು, ರೂಟರು ಎರಡನ್ನೂ ಅಡಿಕೆ ತೂಗುವ ಯಂತ್ರದ ಮೇಲಿಟ್ಟರು. ಸ್ವಿಚ್ಚೇ ಭಾರ. ವಯರ್ ಸಿಕ್ಕಿಸುವ ತೂತು ಎಣಿಸಿದರು, ಸ್ವಿಚ್ಚಿಗೆ ಇಪ್ಪತ್ನಾಲ್ಕು, ರೂಟರಿಗೆ ಬರೀ ಐದು.

"ಈ ರೂಟರೇ ಜಾಸ್ತಿ ತಿಳ್ಕೊಂಡದ್ದು ಅಂತ ಹೇಗೆ ನಂಬೂದು?"

"ತೂಕದಲ್ಲಿ ಏನಿಲ್ಲ ಸಾರ್, ಬುದ್ಧಿ ಒಳಗಿದೆ."

ಅವರು ರೂಟರನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. "ಜೊಳ್ಳು," ಅಂದರು.

ತೀರ್ಥಹಳ್ಳಿ

ಆಯುಧ ಪೂಜೆ. ಉಳಿದೆರಡು ಊರಲ್ಲಿ ಹೇಗೋ ಒಪ್ಪಿಸಿ ರೂಟರ್ ಕೂರಿಸಿ ಬಂದಿದ್ದೆ. ಅಧ್ಯಕ್ಷರ ಮಾತಿಗೆ ಅರ್ಧ ಗಂಟೆಯಿತ್ತು. ಕಚೇರಿಯೊಳಗೆ ಕಂಪ್ಯೂಟರುಗಳು ಒಂದಕ್ಕೊಂದು ಚೆನ್ನಾಗಿ ಮಾತಾಡುತ್ತಿದ್ದವು, ಅದು ಸ್ವಿಚ್ಚಿನ ಕೃಪೆ. ಹೊರಗಿನ ಸಂಪರ್ಕ ಮಾತ್ರ ಇಲ್ಲ. ನೋಡಿದರೆ ರೂಟರೇ ಮಾಯ!

ಮ್ಯಾನೇಜರ್ ದೇವರ ಕೋಣೆ ತೋರಿಸಿದರು. ಕತ್ತಿ, ತಕ್ಕಡಿಗಳ ನಡುವೆ ಕುಂಕುಮ ಹಚ್ಚಿಸಿಕೊಂಡು, ಚೆಂಡು ಹೂವಿನ ಮಾಲೆ ಹಾಕಿಕೊಂಡು ರೂಟರ್ ಕೂತಿತ್ತು.

"ಹೊಸ ಯಂತ್ರ ಅಲ್ವಾ? ಪೂಜೆಗಿಟ್ಟದ್ದು, ನಾಳೆ ತನಕ ಎತ್ತೂ ಹಾಗಿಲ್ಲ."

ಗುತ್ತಿಗೆ ಹೋಯಿತು ಅಂದುಕೊಂಡೆ.

"ಎತ್ತೂದಿಲ್ಲ ಮಾರಾಯ್ರೆ. ವಯರನ್ನೇ ದೇವರ ಹತ್ರ ತಂದ್ರೆ ಆಗ್ತದಾ?"

ಅದಕ್ಕೆ ಅಡ್ಡಿಯಿರಲಿಲ್ಲ. ಕೋಣೆಯವರೆಗೆ ವಯರ್ ಎಳೆದೆ, ಮಾಲೆ ಸರಿಸಿ ಸಿಕ್ಕಿಸಿದೆ. ಅಧ್ಯಕ್ಷರು ಪರದೆಯ ಮೇಲೆ ನಗುತ್ತಾ ಬಂದರು. ಮಾತು ಮುಗಿಸಿ, ಮುಂದಿನ ವರ್ಷವೂ ಇವನೇ ಇರಲಿ ಅಂದರು. ಮ್ಯಾನೇಜರಂತೂ ಹೂವು ಹೊತ್ತ ರೂಟರನ್ನು ವಿಡಿಯೊದಲ್ಲಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು.

ಮರುದಿನ ಬೆಳಿಗ್ಗೆ ಹೊಸನಗರದಿಂದ ಫೋನು. "ನಿನ್ನೆ ತೀರ್ಥಹಳ್ಳಿಯವ್ರ ಚಿತ್ರ ನಮ್ಮದಕ್ಕಿಂತ ಚೊಕ್ಕ ಇತ್ತು. ಅದಕ್ಕೆ ನಾವೂ ರೂಟರಿನ ವಯರೆಲ್ಲ ಬಿಚ್ಚಿ ಅದನ್ನ ದೇವರ ಮುಂದೆ ಇಟ್ಟಿದ್ದೀವಿ. ಆವಾಗಿಂದ ನೆಟ್ಟೇ ಇಲ್ಲ. ಸೇವಂತಿಗೆ ಆಗೂದಿಲ್ವಾ, ಚೆಂಡು ಹೂವೇ ಬೇಕಾ?"