ಕೆಸ್ತೋವಿಯ ದೇಶವು ಹಾಲೂಡಿಸಲು ಎದ್ದುಹೋದ ಪ್ರಸಂಗ ಕುರಿತು ಪ್ರೊಫೆಸರ್ ಪೆನ್‌ಫೋಲ್ಡರಿಗೆ

ರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದ ಮುಖ್ಯಸ್ಥರೂ, ವಾರ್ಷಿಕ ಬಿಕ್ಕಟ್ಟಿನಾಟದ ಮಹಾನಿಯಂತ್ರಕರೂ, ಭೂಪಟದಲ್ಲಿಲ್ಲದ ಹನ್ನೊಂದು ದೇಶಗಳ ಭಾಗ್ಯವಿಧಾತರೂ ಆದ ಪ್ರೊಫೆಸರ್ ಅಲಾರಿಕ್ ಪೆನ್‌ಫೋಲ್ಡ್ ಅವರ ಸನ್ನಿಧಾನಕ್ಕೆ, ಮೂರನೇ ವರ್ಷದ ವಿದ್ಯಾರ್ಥಿನಿ ಮೆರೆರಿದ್ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ರಾತ್ರಿ ಎರಡೂವರೆಗೆ ದಿಂಬಿನಡಿಯ ಮೊಬೈಲು ಗುಂಯ್ ಎಂದು ನಡುಗಿ ನನ್ನನ್ನು ಎಬ್ಬಿಸಿತು. ಅದರ ಹಿಂದೆಯೇ ಆಗಷ್ಟೇ ಕಣ್ಣು ಮುಚ್ಚಿದ್ದ ನನ್ನ ನಾಲ್ಕು ತಿಂಗಳ ಮಗಳು ನೆಸ್ಟ್ ಎದ್ದಳು, ಅವಳ ಹಿಂದೆ ನಮ್ಮ ಹೊಗೆಗೂಡಿನ ಮೇಲಿನ ಕಡಲಹಕ್ಕಿಗಳು ಎದ್ದವು, ಅವುಗಳ ಹಿಂದೆ ಕೆಳಮನೆಯ ನಾಯಿ ಎದ್ದಿತು. ಒಂದು ಸಣ್ಣ ಘಟನೆ ಹೇಗೆ ಇಡೀ ಪ್ರದೇಶವನ್ನು ಸಂಘರ್ಷಕ್ಕೆ ಎಳೆಯುತ್ತದೆ ಎಂದು ತಾವು ಮೊದಲ ವರ್ಷದಲ್ಲಿ ಒಂದಿಡೀ ಅವಧಿ ಬೋಧಿಸಿದ್ದು ನನಗೆ ಅರ್ಥವಾಗಿರಲಿಲ್ಲ. ಈಗ ಆಯಿತು, ಧನ್ಯವಾದಗಳು.

ಮೊಬೈಲಿಗೆ ಬಂದದ್ದು ನಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರು ತಾನೇ ಬರೆದ ಪತ್ರ. ಬಿಕ್ಕಟ್ಟಿನಾಟದಲ್ಲಿ, ಅಂದರೆ ನಾವು ಒಬ್ಬೊಬ್ಬರು ಒಂದೊಂದು ಕಲ್ಪಿತ ದೇಶವಾಗಿ ಆಡುವ ಪರೀಕ್ಷೆಯಲ್ಲಿ, ನಾನು ಗೈರುಹಾಜರಾಗಿದ್ದೆನಂತೆ, ಆದ್ದರಿಂದ ಅನುತ್ತೀರ್ಣಳಂತೆ. ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷಾ ಮಂಡಳಿ ಸೇರಿ ಅದಕ್ಕೆ ಮುದ್ರೆ ಒತ್ತುತ್ತದಂತೆ. "ಆಕೆ ಆಟದಲ್ಲಿ ಇದ್ದಳು" ಎಂದು ಮಹಾನಿಯಂತ್ರಕರು ಒಂದು ಮಾತು ಹೇಳಿದರೆ ಸಾಕಂತೆ, ಆದರೆ ಅವರು ಈವರೆಗೆ ಏನೂ ಹೇಳಿಲ್ಲವಂತೆ. ಆ ಮುದ್ರೆ ಬಿದ್ದರೆ ನನಗೆ ಪದವಿಯಿಲ್ಲ. ಪದವಿಯಿಲ್ಲದಿದ್ದರೆ ಕಾರ್ಡಿಫ್‌ನಲ್ಲಿ ನನಗೆಂದು ಕಾದಿರಿಸಿರುವ ಸರ್ಕಾರಿ ತರಬೇತಿಯ ಹುದ್ದೆ ಇನ್ನೊಬ್ಬರ ಪಾಲು. ಒಂದು ದೇಶದ ಹಣೆಬರಹ ಒಬ್ಬ ಮಹಾಪುರುಷರ ಒಂದೇ ಮಾತಿನಲ್ಲಿ ಅಡಗಿರುವ ಕಾಲ ಮುಗಿಯಿತೆಂದು ತಮ್ಮ ಪಠ್ಯದಲ್ಲಿ ಓದಿದ್ದೆ. ಓದಿದ್ದೆಲ್ಲ ನಿಜವಲ್ಲ ಎಂಬುದನ್ನು ಕಲಿಸುವುದಕ್ಕೂ ವಿಶ್ವವಿದ್ಯಾಲಯವೇ ಬೇಕಲ್ಲವೇ.

ಆಟ ಮುಗಿದಾಗಿನಿಂದ ನಾನು ಬರೆದ ಮಿಂಚಂಚೆಗಳಿಗೆಲ್ಲ ತಮ್ಮ ಕಡೆಯಿಂದ ಒಂದೇ ಉತ್ತರ ಬಂದಿದೆ. "ಸಂವಾದದ ಪುನರುಜ್ಜೀವನ" ಎಂಬ ಸಮ್ಮೇಳನಕ್ಕಾಗಿ ತಾವು ಜಿನೀವಾದಲ್ಲಿರುವುದರಿಂದ ಯಾರ ಪತ್ರಕ್ಕೂ ಉತ್ತರಿಸಲಾಗುವುದಿಲ್ಲವಂತೆ. ಗುಟ್ಟಿನ ಪತ್ರವ್ಯವಹಾರವೇ ಯುದ್ಧಗಳ ಬೇರು ಎಂದು ತಾವೇ ಹೇಳಿಕೊಟ್ಟಿರುವುದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆದು, ತಮಗೆ ಕಳಿಸುವ ಹೊತ್ತಿಗೇ ವಿದ್ಯಾರ್ಥಿ ಪತ್ರಿಕೆಗೂ ಕಳಿಸುತ್ತಿದ್ದೇನೆ. ತಮ್ಮ ಶಿಷ್ಯೆ ಎಂಬುದಕ್ಕೆ ಇಷ್ಟಾದರೂ ಗುರುತು ಬೇಡವೇ.

ತಮಗೆ ನೆನಪಿರಲಾರದಾದ್ದರಿಂದ ನಡೆದದ್ದನ್ನು ವಿನಯದಿಂದ ನಿವೇದಿಸುತ್ತೇನೆ. ಪ್ರತಿ ವರ್ಷದಂತೆ ಈ ವರ್ಷವೂ ತಾವು ನಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿ, ಗುಡ್ಡಗಳ ನಡುವಿನ ಆ ಹಳೆಯ ಜಮೀನುದಾರರ ಬಂಗಲೆಗೆ ಕರೆದೊಯ್ದು, ಒಬ್ಬೊಬ್ಬರಿಗೆ ಒಂದೊಂದು ದೇಶವನ್ನು ದಯಪಾಲಿಸಿದಿರಿ. ಕೂಸು ಬಾಟಲಿಯ ಹಾಲನ್ನು ಉಗುಳುತ್ತದೆ, ನನ್ನ ಗಂಡ ಇದ್ವಾಲ್ ಐರ್ಲೆಂಡಿಗೆ ಹೋಗುವ ಹಡಗಿನಲ್ಲಿ ಪಾಳಿಯ ಮೇಲಿದ್ದಾನೆ ಎಂದು ನಾನು ಮೊದಲೇ ತಿಳಿಸಿದ್ದಕ್ಕೆ, ಅತ್ತೆ ಎಲಿನೆಡ್ ಅವರು ಮಗುವಿನೊಂದಿಗೆ ಮಹಡಿಯ ಕೋಣೆಯಲ್ಲಿ ಇರಬಹುದೆಂದು ತಾವೇ ಅಪ್ಪಣೆ ಕೊಟ್ಟಿರಿ. ಈ ಔದಾರ್ಯವನ್ನು ಏಳು ಜನ್ಮಕ್ಕೂ ಮರೆಯುವವಳಲ್ಲ. ನನ್ನ ಪಾಲಿಗೆ ಬಂದದ್ದು ಕೆಸ್ತೋವಿಯ: ಸ್ವಲ್ಪ ಮೀನು, ಒಂದು ಅನಿಲದ ಕೊಳವೆ, ಸೈನ್ಯ ಇಲ್ಲವೆಂದೇ ಹೇಳಬೇಕು. ಪಕ್ಕದ ಮಹಾ ವರ್ಡಾನಿಯ ಬಂದದ್ದು ನನ್ನ ಸಹಪಾಠಿ ಬಾರ್ನಬಿಯ ಪಾಲಿಗೆ. ಬಾರ್ನಬಿಗೆ ಚಿಕ್ಕದನ್ನು ಕೊಟ್ಟರೆ ಅವನ ಮನಸ್ಸಿಗೆ ನೋವಾಗುತ್ತದೆಂದು ತಮಗೆ ಮೊದಲ ವರ್ಷದಿಂದಲೂ ಗೊತ್ತು.

ಶನಿವಾರ ಮಧ್ಯಾಹ್ನದ ಚಹಾ ಮುಗಿದು, ಒಣದ್ರಾಕ್ಷಿಯ ಬ್ರೆಡ್ಡಿನ ಚೂರುಗಳು ಇನ್ನೂ ಮೇಜಿನ ಮೇಲಿದ್ದಾಗ ಕದನವಿರಾಮದ ಮಾತುಕತೆ ಶುರುವಾಯಿತು. ಪೂರ್ತಿ ತನ್ನದೆಂದು ಹಟ ಹಿಡಿದಿದ್ದ ನನ್ನ ಕೊಳವೆಯನ್ನು ಅರ್ಧ ಬಿಟ್ಟುಕೊಡಲು ಬಾರ್ನಬಿ ಒಪ್ಪಿದ್ದ. ಅಷ್ಟರಲ್ಲಿ ಮಹಡಿಯಿಂದ ನೆಸ್ಟಳ ಅಳು ಕೇಳಿತು. ಹಾಲೂಡಿಸುವ ತಾಯಿಗೆ ಆ ಅಳು ಕಿವಿಗೆ ಮಾತ್ರ ಕೇಳುವುದಿಲ್ಲ ಮಾನ್ಯರೇ. ನನ್ನ ಅಂಗಿಯ ಎದೆ ಎರಡು ಕಡೆ ಒದ್ದೆಯಾಯಿತು. ಮುಂದಿದ್ದುದನ್ನೆಲ್ಲ ಬಾಚಿ ಎದೆಗೆ ಅಡ್ಡ ಹಿಡಿದು ಮೆಟ್ಟಿಲು ಹತ್ತಿ ಓಡಿದೆ. ಹಾಗೆ ಬಾಚಿದ್ದರಲ್ಲಿ ನನ್ನ ದೇಶದ ಹೆಸರು ಬರೆದ ರಟ್ಟಿನ ಫಲಕವೂ ಇತ್ತು.

ತಾವು ರಚಿಸಿದ ನಿಯಮದ ಪ್ರಕಾರ, ಫಲಕವನ್ನು ಮೇಜಿನ ಮೇಲೆ ಮಗುಚಿಟ್ಟು ಹೋದರೆ "ಈಗ ಬಂದೆ" ಎಂದರ್ಥ. ಫಲಕವನ್ನೇ ಎತ್ತಿಕೊಂಡು ಹೋದರೆ ಆ ದೇಶ ಸಂಧಾನವನ್ನು ಕಡಿದುಕೊಂಡು ಹೊರನಡೆಯಿತು ಎಂದರ್ಥ. ಒದ್ದೆ ಅಂಗಿಗೆ ಅಡ್ಡ ಹಿಡಿದು ಹೋದರೆ ಏನರ್ಥ ಎಂಬುದು ನಿಯಮದಲ್ಲಿ ಇಲ್ಲ. ತಮ್ಮಂಥ ದೂರದೃಷ್ಟಿಯವರ ಕಣ್ಣಿಗೆ ಇಷ್ಟು ಹತ್ತಿರದ್ದು ಬೀಳದಿದ್ದರೆ ಆಶ್ಚರ್ಯವಿಲ್ಲ.

ಕೂಸು ಒಂದು ಮಗ್ಗುಲು ಕುಡಿದು ಇನ್ನೊಂದಕ್ಕೆ ಹೊರಳುವ ಹೊತ್ತಿಗೆ ಕೆಳಗೆ ವರ್ಡಾನಿಯದ ಸೇನೆ ಗಡಿ ದಾಟಿತ್ತು. ಎಡದ ಮಗ್ಗುಲಲ್ಲಿ ನನ್ನ ರಾಜಧಾನಿ ಬಿತ್ತು. ತೇಗು ಬರಲಿ ಎಂದು ಬೆನ್ನು ತಟ್ಟುತ್ತಿದ್ದಾಗ ಏಳು ದೇಶಗಳು ನನ್ನನ್ನು ಖಂಡಿಸಿ ನಿರ್ಣಯ ಮಾಡಿದವು. ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬಂದವಳು ಕಂಡದ್ದು, ನನ್ನ ಕರಾವಳಿಯ ಮೇಲೆಲ್ಲ ಬಾರ್ನಬಿ ಜೋಡಿಸಿದ್ದ ಪ್ಲಾಸ್ಟಿಕ್ ಟ್ಯಾಂಕುಗಳು.

"ಇದೇನೋ ಮಾಡಿದೆ, ಅರ್ಧ ಕೊಡ್ತೀನಿ ಅಂದಿದ್ದೆಯಲ್ಲೋ!" ಎಂದೆ.

"ಬೋರ್ಡು ಕಿತ್ಕೊಂಡು ಎದ್ದು ಹೋದವಳು ನೀನು ತಾಯಿ, ನಾನೇನು ಬಿಸ್ಕತ್ತು ತಿಂತಾ ಕೂತಿರ್ಬೇಕಿತ್ತಾ?" ಎಂದ.

ನನ್ನ ಹಿಂದೆಯೇ ಇಳಿದು ಬಂದ ಅತ್ತೆ ಮೇಜನ್ನೊಮ್ಮೆ, ಗಡ್ಡ ಬಂದ ಆ ಹುಡುಗರನ್ನೊಮ್ಮೆ ನೋಡಿ, "ಅಲ್ಲ ಕಣೇ, ಇಷ್ಟು ದೊಡ್ಡವರಾಗಿ ಇವರೆಲ್ಲ ಇನ್ನೂ ಆಟದ ಸಾಮಾನು ಹಿಡ್ಕೊಂಡೇ ಕೂತಿದಾರಲ್ಲ, ಇದಕ್ಕೆ ಮಾರ್ಕ್ಸು ಬೇರೆ ಕೊಡ್ತಾರಾ?" ಎಂದು ಕೇಳಿದರು. ಅವರು ವಿಭಾಗದ ಉನ್ನತ ಪರಂಪರೆಯ ಅರಿವಿಲ್ಲದವರು. ಅವರ ಪರವಾಗಿ ಕ್ಷಮೆ ಕೋರುತ್ತೇನೆ.

ಆದರೆ ತಾವು! ತಾವು ಆ ಸಂಜೆಯ ವಿಮರ್ಶಾಸಭೆಯಲ್ಲಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ನನ್ನನ್ನು ಹೊಗಳಿದ ಪರಿಯನ್ನು ಹೇಗೆ ವರ್ಣಿಸಲಿ. "ನೋಡ್ರಪ್ಪಾ, ಸಣ್ಣ ದೇಶ, ಸೈನ್ಯ ಇಲ್ಲ, ಆದ್ರೂ ಗೆಲ್ಲೋ ಹೊತ್ತಿಗೆ ಸರಿಯಾಗಿ ಕುರ್ಚಿ ಖಾಲಿ ಮಾಡ್ತು! ಎದುರಾಳಿ ಗಾಬರಿ ಬಿದ್ದು ಆಕ್ರಮಣಕಾರ ಅನ್ನೋ ಹೆಸರು ತಗೊಂಡ. ಇಪ್ಪತ್ತು ವರ್ಷದಲ್ಲಿ ನಾನು ಇಂಥಾ ಗುಂಡಿಗೆ ನೋಡಿಲ್ಲ" ಎಂದಿರಿ. ಚಪ್ಪಾಳೆ ಬಿತ್ತು. ಬಾರ್ನಬಿಯೂ ತಟ್ಟಿದ. ಆಗ ನಾನು ಬಾಯಿ ಮುಚ್ಚಿಕೊಂಡು ತಲೆ ಬಾಗಿಸಿದ್ದರೆ ಇಂದು ತರಗತಿಗೇ ಮೊದಲನೆಯವಳು. ಅದರ ಬದಲು ಎದ್ದು ನಿಂತು, "ಸರ್, ಅದು ತಂತ್ರ ಅಲ್ಲ, ಮಗು ಹಸಿದಿತ್ತು" ಎಂದುಬಿಟ್ಟೆ.

ತಾವು ಕನ್ನಡಕ ಹಾಕಿಕೊಂಡಿರಿ. "ಓ. ಹಾಗಾದ್ರೆ ಅದು ನಿರ್ಧಾರ ಅಲ್ಲಮ್ಮ, ಗೈರುಹಾಜರಿ" ಎಂದಿರಿ.

ಒಂದೇ ಕುರ್ಚಿ, ಒಂದೇ ಖಾಲಿತನ, ಒಂದೇ ಯುದ್ಧ. ಹಟಕ್ಕೆ ಎದ್ದುಹೋಗಿದ್ದರೆ ರಾಜನೀತಿಜ್ಞೆ. ಹಾಲಿಗೆ ಎದ್ದುಹೋದವಳು ಗೈರುಹಾಜರು. ಮೂರು ವರ್ಷ ದಪ್ಪ ದಪ್ಪ ಪುಸ್ತಕ ಓದಿಯೂ ಹತ್ತದಿದ್ದ ತಮ್ಮ ಶಾಸ್ತ್ರದ ತಿರುಳು ಆ ಒಂದು "ಓ"ದಲ್ಲಿ ನನಗೆ ಹತ್ತಿತು. ಮರುದಿನ ಬೆಳಿಗ್ಗೆ ತಾವು ಸಮಾರೋಪದಲ್ಲಿ ತಮ್ಮದೇ ಪುಸ್ತಕದಿಂದ ಓದಿದಿರಲ್ಲ, ಯುದ್ಧಪೀಡಿತ ನಾಡುಗಳ ತಾಯಂದಿರ ದನಿ ಸಂಧಾನದ ಮೇಜಿಗೆ ತಲುಪುವುದೇ ಇಲ್ಲ ಎಂಬ ಅಧ್ಯಾಯ, ಅದನ್ನು ಓದುವಾಗ ತಾವು ನಡುವೆ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳಬೇಕಾಯಿತು. ದೂರದ ತಾಯಂದಿರ ಬಗ್ಗೆ ತಮಗಿರುವ ಕರುಣೆ ಅಪಾರ. ನಾನು ಮಾಡಿದ ತಪ್ಪೆಂದರೆ ಮೂರನೇ ಸಾಲಿನಲ್ಲಿ ಕೂತಿದ್ದುದು. ಮೂರು ಸಾವಿರ ಮೈಲಿ ಆಚೆ ಇದ್ದಿದ್ದರೆ ನನಗೂ ಒಂದು ಅಡಿಟಿಪ್ಪಣಿ ಸಿಗುತ್ತಿತ್ತು.

ಈ ಹಿನ್ನೆಲೆಯಲ್ಲಿ ಕೆಲವು ಅಲ್ಪ ಕೋರಿಕೆಗಳು. ನನ್ನ ಮಗಳು ನೆಸ್ಟಳನ್ನು ವಿಭಾಗವು ಕೂಡಲೇ ಸಾರ್ವಭೌಮ ದೇಶವೆಂದು ಮಾನ್ಯ ಮಾಡಬೇಕು. ದೇಶವೆನಿಸಲು ತಾವು ಹೇಳಿಕೊಟ್ಟ ಲಕ್ಷಣಗಳೆಲ್ಲ ಅವಳಲ್ಲಿವೆ: ನಮ್ಮ ಹಾಸಿಗೆಯ ಮುಕ್ಕಾಲು ಭಾಗ ಅವಳ ನೆಲ, ಅವಳೇ ಅದರ ಖಾಯಂ ಜನಸಂಖ್ಯೆ, ಅವಳ ಆಡಳಿತ ಎಷ್ಟು ಬಿಗಿಯೆಂದರೆ ಇದ್ವಾಲ್ ಊರಲ್ಲಿದ್ದಾಗಲೂ ನೆಲದ ಮೇಲೆ ಮಲಗುತ್ತಾನೆ, ಇನ್ನು ಹೊರಗಿನವರೊಡನೆ ವ್ಯವಹರಿಸುವ ಸಾಮರ್ಥ್ಯವನ್ನು ಈ ಹೊತ್ತು ಇಡೀ ಬೀದಿ ಕೇಳುತ್ತಿದೆ. ಮಾನ್ಯತೆ ಸಾಧ್ಯವಾಗದಿದ್ದರೆ ಶಾಂತಿಪಾಲನಾ ಪಡೆಯನ್ನಾದರೂ ಕಳಿಸಿಕೊಡಿ. ನೀಲಿ ಟೋಪಿ ಕಡ್ಡಾಯವಲ್ಲ, ಜೋಗುಳ ಬಂದರೆ ಸಾಕು. ಅದೂ ಆಗದಿದ್ದರೆ ತಾವೇ ಬಂದು, ಗೈರುಹಾಜರಾಗುವವರು ಎರಡು ದಿನ ಮೊದಲೇ ನಿಯಂತ್ರಣ ಕೊಠಡಿಗೆ ತಿಳಿಸಬೇಕೆಂಬ ತಮ್ಮ ನಿಯಮ ಹಸಿವಿಗೂ ಅನ್ವಯಿಸುತ್ತದೆಂದು ಅವಳಿಗೆ ಓದಿ ಹೇಳಿ. ಅವಳು ಪ್ರಶ್ನೆ ಕೇಳುವುದಿಲ್ಲ, ನಡುವೆ ನಿದ್ದೆ ಮಾಡುತ್ತಾಳೆ. ತಮ್ಮ ತರಗತಿಗೆ ಹೇಳಿ ಮಾಡಿಸಿದ ವಿದ್ಯಾರ್ಥಿನಿ.

ಕೊನೆಯದಾಗಿ, ತಮ್ಮ ಕಚೇರಿಯ ಮೇಜಿನ ಮೇಲಿರುವ ಕೆಂಪು ದೂರವಾಣಿಯ ವಿಷಯ. ಅದರ ಮೇಲೆ ಕೈಯಿಟ್ಟು ತಾವು, "ಲೈನು ತೆರೆದಿರ್ಬೇಕು ಮಕ್ಕಳೇ. ಎಂಥಾ ಜಗಳ ಇರ್ಲಿ, ಆಕಡೆಯವರು ಫೋನ್ ಎತ್ತುತಾರೆ ಅನ್ನೋ ನಂಬಿಕೆ ಒಂದಿದ್ರೆ ಯಾರೂ ಸಾಯಲ್ಲ" ಎಂದು ಹೇಳಿದ್ದು ಮೂರು ವರ್ಷದಲ್ಲಿ ನಾನು ಪೂರ್ತಿ ನಂಬಿದ ಒಂದೇ ಪಾಠ. ನಂಬಿ ನಿನ್ನೆ ಆ ಸಂಖ್ಯೆ ಕೇಳಿದೆ. ಅದಕ್ಕೆ ತಂತಿಯೇ ಇಲ್ಲ, ಅಲಂಕಾರಕ್ಕೆ ಇಟ್ಟದ್ದು ಎಂದು ಕಚೇರಿಯವರು ತಿಳಿಸಿದರು. ತಮ್ಮ ಮೊಬೈಲಿಗೆ ಮಾಡಿದರೆ ಮುದ್ರಿಸಿಟ್ಟ ಧ್ವನಿ ಮಾತಾಡುತ್ತದೆ. ಅದಕ್ಕೆ ನನ್ನ ಹೆಸರು, ಸಂಖ್ಯೆ ಎರಡನ್ನೂ ಹೇಳಿಟ್ಟಿದ್ದೇನೆ. ಹಿಂದೆ ಅಳು ಕೇಳಿದರೆ ಅದು ನನ್ನದಲ್ಲ. ಹೆಚ್ಚು ಪಾಲು ನನ್ನದಲ್ಲ.

ಇಂತು, ಫಲಕ ಹಿಡಿದು ಹೋದರೂ ಫಲಕ ಹಿಡಿದೇ ಮರಳಿದ,
ತಮ್ಮ ವಿಶ್ವಾಸಿ,
ಮೆರೆರಿದ್
(ಕೆಸ್ತೋವಿಯ, ಸದ್ಯ ಆಕ್ರಮಿತ ಪ್ರದೇಶ)

ಮರೆತ ಮಾತು: ಕೆಸ್ತೋವಿಯದ ಫಲಕವನ್ನು ವಿಭಾಗಕ್ಕೆ ಹಿಂತಿರುಗಿಸಬೇಕೆಂದು ಜ್ಞಾಪನ ಬಂದಿದೆ. ಹಿಂತಿರುಗಿಸುತ್ತೇನೆ. ಒಂದು ಮೂಲೆಯನ್ನು ನೆಸ್ಟ್ ಚೀಪಿ ಮೆತ್ತಗೆ ಮಾಡಿದ್ದಾಳೆ. ಚಹಾ, ಬ್ರೆಡ್ಡು ಬಿಟ್ಟರೆ ಇಡೀ ಬಿಕ್ಕಟ್ಟಿನಾಟದಿಂದ ಯಾರ ಹೊಟ್ಟೆಗಾದರೂ ಏನಾದರೂ ಹೋಗಿದ್ದರೆ ಅದೊಂದೇ. ಜಿನೀವಾದಲ್ಲಿ ನಮಗಿಂತ ಒಂದು ಗಂಟೆ ಮುಂಚೆ ಬೆಳಗಾಗುತ್ತದೆ. ತಾವು ಬೇಗ ಏಳುವವರೆಂದು ತಮ್ಮ ಪುಸ್ತಕದ ಬೆನ್ನ ಮೇಲೆಯೇ ಬರೆದಿದೆ. ಮಂಡಳಿಗೆ ಒಂದು ಮಾತು ಹೇಳುವ ಮುನ್ನ ನನ್ನನ್ನು ಏನಾದರೂ ಕೇಳಬೇಕೆನಿಸಿದರೆ ಕೇಳಿ, ಬೈಯಬೇಕೆನಿಸಿದರೆ ಬೈಯಿರಿ, ಆದರೆ ದಯವಿಟ್ಟು ಬೆಳಗಾಗುವ ಮುನ್ನ ಒಮ್ಮೆ ಫೋನ್ ಮಾಡಿ. ಮೊಬೈಲು ಕೈಯಲ್ಲೇ ಇದೆ. ಎತ್ತಿದ ಕೂಡಲೇ ನಾನು ಮಾತಾಡದಿದ್ದರೆ ಅದನ್ನು ಪ್ರತಿಭಟನೆಯೆಂದು ತಿಳಿದು ಇಟ್ಟುಬಿಡಬೇಡಿ ಸರ್. ಅವಳು ಏಳದ ಹಾಗೆ ಕತ್ತಲಲ್ಲಿ ಬಾಗಿಲ ತನಕ ನಡೆಯುತ್ತಿರುತ್ತೇನೆ. ಸ್ವಲ್ಪ ಕಾಯಿರಿ. ನಾನು ಇಲ್ಲೇ ಇದ್ದೇನೆ.